ಮೇಷ್ಟ್ರು ಮೂಸಿದ ನೀರು

ಅಗಲ ಮೂಗು, ಅದರೊಳಗಿಂದ ಇಣುಕುವ ಬಿಳಿ ಕೂದಲು. ಯಾರ ಮನೆಯಲ್ಲಿ ನೀರು ಕೊಟ್ಟರೂ ಮೇಷ್ಟ್ರು ಲೋಟವನ್ನು ಮೊದಲು ಆ ಮೂಗಿಗೆ ಹಿಡಿಯುತ್ತಿದ್ದರು, ಆಮೇಲೆ ಬಾಯಿಗೆ. ಹೊಸಬರಿಗೆ ಅವಮಾನವೆನಿಸುತ್ತಿತ್ತು. ನಮಗೆ ಕಾರಣ ಗೊತ್ತಿತ್ತು.

ಕೊಡಿಗೇಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಬ್ಲಾಕು, ನೆಲದಡಿಯ ನೀರಿನ ಸಂಪೂ ಬೇರೆ. ಕಾಲೇಜಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಒಂದು ಮಳೆಗಾಲ ನಮ್ಮ ಬ್ಲಾಕಿನ ನೀರು ನಾರುತ್ತಿದೆ ಎಂದು ನಾವು ಗಲಾಟೆ ಮಾಡಿದಾಗ, ಸಂಘದ ಅಧ್ಯಕ್ಷರು ಮೇಷ್ಟ್ರನ್ನು ಕೇಳಿದರು. ಅವರು ಕಟ್ಟಡದ ನಕ್ಷೆ ನೋಡಿ, ಕೊಳಚೆ ಪೈಪು ಸಂಪಿನ ತಳಕ್ಕಿಂತ ಕೆಳಗಿದೆ, ನೀರು ಮೇಲಕ್ಕೆ ಹರಿಯದು, ಆದ್ದರಿಂದ ಕೊಳಚೆ ಸೇರುವುದು ಅಸಾಧ್ಯ ಎಂದು ಒಂದು ಹಾಳೆಯಲ್ಲಿ ಸಾಧಿಸಿ ಕೊಟ್ಟರು. ಅಧ್ಯಕ್ಷರು ಅದನ್ನು ಲಿಫ್ಟಿನ ಪಕ್ಕ ಅಂಟಿಸಿದರು.

ಅಷ್ಟರಲ್ಲಿ ನನ್ನ ತಾಯಿ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದರು. ಸಂಪು ತೆರೆಸಿ ನೋಡಿ ಎಂದು ಬೇಡಿಕೊಂಡರೆ ಅಧ್ಯಕ್ಷರು ಹಾಳೆ ತೋರಿಸಿದರು. "ಮೇಷ್ಟ್ರೇ ಪ್ರೂವ್ ಮಾಡಿದಾರಲ್ರೀ. ನಿಮ್ಮಮ್ಮ ಹೊರಗಡೆ ಏನೋ ತಿಂದಿರ್ತಾರೆ." ಮೆಟ್ಟಿಲಿಳಿಯಲಾರದ ಮುದುಕಿ ಎಲ್ಲಿ ಹೋಗಿ ತಿನ್ನಬೇಕು?

ನಲ್ಲಿಯಿಂದ ಒಂದು ಲೋಟ ಹಿಡಿದು ನೇರ ಮೇಷ್ಟ್ರ ಮನೆಗೆ ಒಯ್ದೆ. ಮೂಸಿದರು. ಬಚ್ಚಲಿಗೆ ಓಡಿ ಓಕರಿಸಿದ್ದು ಹೊರಗೆ ಕೇಳಿಸಿತು. ಬಾಯಿ ಒರೆಸಿಕೊಂಡು ಬಂದವರೇ ನಮ್ಮ ಬ್ಲಾಕಿಗೆ ನಡೆದು, ಅಧ್ಯಕ್ಷರನ್ನು ಲಿಫ್ಟಿನ ಬಳಿ ಕರೆಸಿ, ಅದೇ ಲೋಟವನ್ನು ಅವರ ಮುಂದೆ ಹಿಡಿದರು.

"ಕುಡೀರಿ."

"ಥೂ, ಹೇಲಿನ ವಾಸ್ನೆ ಸಾರ್ ಇದು."

"ಇರೋಕೆ ಸಾಧ್ಯಾನೇ ಇಲ್ಲ ಕಣ್ರೀ. ಪ್ರೂವ್ ಆಗಿದೆ. ಕುಡೀರಿ."

"ಹಂಗಾದ್ರೆ ನಿಮ್ ಲೆಕ್ಕಾನೇ ತಪ್ಪಿರ್ಬೇಕು."

"ಲೆಕ್ಕ ಸರಿಯಾಗೇ ಇದೆ. ಪೈಪಲ್ಲಿ ನೀರು ಎಲ್ಲೂ ಕಟ್ಟಿಕೊಳ್ದೆ ಹರೀತಿದೆ ಅಂದ್ಕೊಂಡು ಶುರು ಮಾಡಿದ್ದೆ. ಬಗ್ಗಿ ನೋಡಿರ್ಲಿಲ್ಲ. ನೀವೂ ನೋಡಿಲ್ಲ." ಗೋಡೆಯ ಹಾಳೆ ಕಿತ್ತು, ಮುದ್ದೆ ಮಾಡಿ, ಲೋಟದೊಳಗೆ ತುರುಕಿದರು.

ಸಂಪಿನ ಮುಚ್ಚಳ ತೆಗೆಸಿದೆವು. ಮುಂದೆಲ್ಲೋ ಕಟ್ಟಿಕೊಂಡ ಪೈಪು ಮೇಲಕ್ಕೆ ಉಕ್ಕಿ, ಗೋಡೆಯ ಬಿರುಕಿನಿಂದ ಕಪ್ಪು ಲೋಳೆ ಒಳಕ್ಕೆ ಒಸರುತ್ತಿತ್ತು. ಆ ನೀರಲ್ಲೇ ಅನ್ನ ಮಾಡಿ ಉಂಡಿದ್ದೆವು, ದೇವರಿಗೂ ಎರೆದಿದ್ದೆವು. ಎಲ್ಲರೂ ಸೆರಗು, ಕರವಸ್ತ್ರ ಹುಡುಕುತ್ತಿದ್ದರೆ ಮೇಷ್ಟ್ರು ಮೂಗು ಮುಚ್ಚಿಕೊಳ್ಳದೆ, ಕೆಲಸ ಮುಗಿಯುವವರೆಗೂ ಅಲ್ಲೇ ನಿಂತಿದ್ದರು.

ಅಮ್ಮ ಉಳಿದುಕೊಂಡರು. ಮೇಷ್ಟ್ರು ಈಚೆಗೆ ತೀರಿಕೊಂಡರು. ಕೊನೆಗಳಿಗೆಯಲ್ಲಿ ಅವರ ಸೊಸೆ ಕಾಶಿಯಿಂದ ತಂದು ಎಷ್ಟೋ ವರ್ಷ ದೇವರಮನೆಯಲ್ಲಿಟ್ಟಿದ್ದ ಗಂಗೆಯ ಗಿಂಡಿಯನ್ನು ನನ್ನ ಕೈಗಿತ್ತು, "ಬಾಯಿಗೆ ಬಿಡಿ ಅಣ್ಣಾ," ಎಂದಳು. ಬೆಸುಗೆ ಬಿಚ್ಚಿ ಮೂಸಿದೆ. ಮುಗ್ಗಲು ವಾಸನೆ. ಯಾರು ಏನಂದುಕೊಂಡರೂ ಆಗಲಿ ಎಂದು ಅದನ್ನು ಪಕ್ಕಕ್ಕಿಟ್ಟು, ಅಡುಗೆಮನೆಯಿಂದ ಕಾಯಿಸಿ ಆರಿಸಿದ ನೀರು ತಂದೆ.

ತುಟಿಗೆ ಬಿಡುವ ಮೊದಲು ಲೋಟವನ್ನು ಒಂದು ಕ್ಷಣ ಅವರ ಮೂಗಿನ ಹತ್ತಿರ ಹಿಡಿದೆ.