ಅಂಗಳದ ದಾರಿಗೆ ಬಂದ ಅಲ್ಸೇಷಿಯನ್

ಆಗಿನ ನಮ್ಮ ಕೇರಿಯಲ್ಲಿ ಯಾರ ಮನೆಗೂ ಗೇಟಿರಲಿಲ್ಲ. ಅಂಕೋಲೆಯ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬೇಲಿ ಅಂತ ಏನಾದರೂ ಇದ್ದರೆ ಅದು ತೊಂಡೆಬಳ್ಳಿ ಹಬ್ಬಲಿಕ್ಕೆ, ಮನುಷ್ಯರನ್ನು ತಡೆಯಲಿಕ್ಕಲ್ಲ. ಕಡಲಿಗೆ ಹೋಗಲು ಹಳ್ಳದ ದಡ ಸುತ್ತಿ ಬರುವ ಒಂದು ದೂರದ ದಾರಿ ಇತ್ತು, ಆದರೆ ಅದನ್ನು ಹಿಡಿದವರನ್ನು ನಾನು ನೋಡಿರಲಿಲ್ಲ. ನಮ್ಮ ಮನೆ ದಂಡೆಗೆ ಕೊನೆಯದು. ನಮ್ಮ ಅಂಗಳವೇ ಕೇರಿಗೆಲ್ಲ ದಾರಿ.

ಬುಟ್ಟಿ ಹೊತ್ತ ಹೆಂಗಸರು, ಬಲೆ ಹೊತ್ತ ಗಂಡಸರು, ಶಾಲೆಗೆ ಚಕ್ಕರ್ ಹೊಡೆದ ಹುಡುಗರು, ಎಲ್ಲರೂ ನಮ್ಮ ತುಳಸಿಕಟ್ಟೆಯ ಪಕ್ಕದಿಂದಲೇ ಹಾಯಬೇಕು. ನಾವು ಹುಡುಗಿಯರು ಕುಂಟಬಿಲ್ಲೆಗೆ ಎಳೆದ ಗೆರೆಯ ಮೇಲೆ ಯಾರಾದರೂ ಒದ್ದೆ ಬಲೆ ಎಳೆದುಕೊಂಡು ಹೋದರೆ ಆಟ ಮೊದಲಿನಿಂದ ಶುರು. ಆಯಿ, ಅಂದರೆ ನನ್ನ ತಾಯಿ, ಒಲೆಯ ಮುಂದೆ ಕುಳಿತಲ್ಲಿಂದಲೇ ಹೆಜ್ಜೆಯ ಸಪ್ಪಳ ಕೇಳಿ ಯಾರೆಂದು ಹೇಳುತ್ತಿದ್ದಳು.

"ನಾಗಮ್ಮ, ಎಂತಾ ಬಿತ್ತೇ ಇವತ್ತು?"

"ತಾರಲೆಯೇ ಮಾರಾಯ್ತಿ. ಬೆಕ್ಕೂ ಮೂಸೂದಿಲ್ಲ," ಎಂದು ಪಕ್ಕದ ಮನೆಯ ನಾಗಮ್ಮ ಹೊರಗಿನಿಂದ ಹೇಳುತ್ತಿದ್ದಳು. ಹಾಗೆ ಹೇಳಿಯೂ ಒಂದು ಹಿಡಿ ತಾರಲೆ ಮೀನನ್ನು ನಮ್ಮ ಜಗಲಿಯ ಮೇಲೆ ಸುರಿದು ಹೋಗುತ್ತಿದ್ದಳು.

ನಾನು ಆಗ ಶಾಲೆಯಲ್ಲಿ ಐದನೆಯ ಇಯತ್ತೆ. ಆ ಮಳೆಗಾಲದಲ್ಲಿ ನಮ್ಮ ಮುದಿ ಊರ ನಾಯಿ ಕಾಳು ಸತ್ತುಹೋಯಿತು. ಮಳೆ ಹಿಂದೆ ಸರಿದು ಆಯಿ, ಅಜ್ಜಿ ಅಂಗಳದಲ್ಲಿ ಬಿದಿರಿನ ತಟ್ಟಿ ಹಾಸಿ ಬಂಗಡೆ, ಶೆಟ್ಲಿ ಮೀನು ಒಣಗಿಸಲು ಹಾಕಿದರೆ, ಬಸ್‌ಸ್ಟ್ಯಾಂಡಿನ ಕಡೆಯ ಬೀದಿ ನಾಯಿಗಳು ಹಿಂಡು ಕಟ್ಟಿಕೊಂಡು ಬಂದು ತಟ್ಟಿಯನ್ನೇ ಎಳೆದೊಯ್ಯತೊಡಗಿದವು. ಅಪ್ಪ ಕಾರವಾರದ ಬಂದರಿನಿಂದ ಬೋಟಿಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆಯಿ ಕೋಲು ಹಿಡಿದು ಕೂತು ಕೂತು ಸಾಕಾಗಿ ಒಂದು ನಾಯಿ ನೋಡೆಂದು ತನ್ನ ತಮ್ಮನಿಗೆ ಹೇಳಿಕಳಿಸಿದಳು.

ಈ ಮಾವ ಕಾರವಾರದ ಹತ್ತಿರದ ಚೆಂಡಿಯಾ ಊರಿನವನು. ನೌಕಾನೆಲೆಗೆ ಜಮೀನು ಹೋದ ಮೇಲೆ ತೋಡೂರಿನ ಪುನರ್ವಸತಿ ಕಾಲನಿಗೆ ಬಂದಿದ್ದ. ನೌಕಾಪಡೆಯ ಸಾಹೇಬರ ಬಂಗಲೆಗಳಲ್ಲಿ ತೋಟದ ಕೆಲಸ ಮಾಡುತ್ತಿದ್ದ. ಹಳೆಯ ಮನೆ ಕಳೆದುಕೊಂಡವನಿಗೆ ಹೊಸ ಮನೆಯ ಸುತ್ತ ತಂತಿ ಬಿಗಿಯುವ ತನಕ ನಿದ್ದೆ ಬಂದಿರಲಿಲ್ಲವಂತೆ. ಒಬ್ಬ ಸಾಹೇಬರಿಗೆ ಅಂಡಮಾನಿಗೆ ವರ್ಗವಾಯಿತು, ನಾಯಿಯನ್ನು ಒಯ್ಯುವಂತಿರಲಿಲ್ಲ. ಮಾವ ಟೆಂಪೋದಲ್ಲಿ ಅದನ್ನು ನಮ್ಮಲ್ಲಿಗೆ ತಂದಿಳಿಸಿದ.

ಇಳಿದದ್ದು ನಾಯಿಯೋ ಕರುವೋ ಎಂದು ನಾನು ಬಾಯಿ ಬಿಟ್ಟು ನಿಂತೆ. ನೆಟ್ಟಗಿನ ಕಿವಿ, ಬೆನ್ನಿನ ಮೇಲೆ ಕಪ್ಪು, ಕಾಲಿಗೆಲ್ಲ ಕಂದು. ಮೈಯಿಂದ ಸಾಬೂನಿನ ವಾಸನೆ. ಹೆಸರು ರೆಕ್ಸ್. ಹಿಂದಿಯಲ್ಲಿ "ಬೈಠ್" ಎಂದರೆ ಕುಳಿತುಕೊಳ್ಳುತ್ತಿತ್ತು. ಕನ್ನಡದಲ್ಲಿ ಎಷ್ಟು ಬೈದರೂ ಮುಖ ನೋಡುತ್ತಿತ್ತು, ಅಷ್ಟೇ.

"ಅಕ್ಕ, ಇದು ಜಾತಿ ನಾಯಿ, ಅಲ್ಸೇಷಿಯನ್," ಎಂದ ಮಾವ. "ನಿಮ್ಮ ಕಾಳು ಹಾಂಗೆ ಕಂಡಕಂಡವ್ರಿಗೆಲ್ಲ ಬಾಲ ಅಲ್ಲಾಡ್ಸೂದಿಲ್ಲ. ಒಂದು ಹುಳ ಅಂಗಳಕ್ಕೆ ಬರೂಕೆ ಬಿಡೂದಿಲ್ಲ ನೋಡು."

ಅಜ್ಜಿ ಎಲೆಯಡಿಕೆಯ ಕವಳ ಜಗಿಯುತ್ತ ಕುಳಿತಿದ್ದವಳು, "ಹುಳ ಬರೂದು ಬ್ಯಾಡ. ಜನ ಬರಬೇಕಲ್ಲೋ ಮಾರಾಯ," ಎಂದಳು.

ಮಾವ ನಕ್ಕ. ಆಯಿಯೂ ನಕ್ಕಳು. ಮನೆಗೆ ಎಂಥ ನಾಯಿ ಬೇಕು ಎಂಬ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಇಷ್ಟೇ.

ರೆಕ್ಸ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು, ಅದೇ ತಾಪತ್ರಯವಾಯಿತು. ಬೀದಿ ನಾಯಿಗಳು ಆ ಕಡೆ ತಲೆ ಹಾಕಲಿಲ್ಲ. ಕಾಗೆ ಸಹ ತಟ್ಟಿಗೆ ಇಳಿಯಲಿಲ್ಲ. ಆದರೆ ಬೆಳಗಾಗುತ್ತಲೇ ಮೊದಲ ಬುಟ್ಟಿಯ ಹೆಂಗಸು ತುಳಸಿಕಟ್ಟೆಯ ಹತ್ತಿರ ಬರುವಷ್ಟರಲ್ಲಿ ತೆಂಗಿನ ಮರಕ್ಕೆ ಕಟ್ಟಿದ ಸರಪಳಿ ಝಣ್ಣೆಂದು ಬಿಗಿಯುತ್ತಿತ್ತು. ಅದು ಬೊಗಳಿದರೆ ನಮ್ಮ ಅಡುಗೆಮನೆಯ ತಟ್ಟೆಗಳು ಅದುರುತ್ತಿದ್ದವು. ಒಬ್ಬಳು ಹೆದರಿ ಬುಟ್ಟಿ ಕೆಡವಿದಳು. ಬಲೆ ಹೊತ್ತು ಬರುತ್ತಿದ್ದ ಮುದುಕನೊಬ್ಬ ಎಡವಿ ಬಿದ್ದು ಮಂಡಿ ತರಚಿಕೊಂಡ.

ಮೊದಮೊದಲು ತಮಾಷೆ ಮಾಡಿದರು. "ನಿಮ್ಮ ಸಾಹೇಬ್ರು ಎದ್ರಾ? ನಾವು ಹೋಗೂಕೆ ಪರವಾನಗಿ ಅದ್ಯಾ?" ಎಂದು ದೂರದಿಂದಲೇ ಕೂಗಿ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು. ಹಳ್ಳದ ದಡ ಸುತ್ತಿ ಹೋಗತೊಡಗಿದರು. ತಲೆಯ ಮೇಲೆ ನೀರು ಸೋರುವ ಬುಟ್ಟಿ ಹೊತ್ತು ಅಷ್ಟು ದೂರ ಸುತ್ತುವುದೆಂದರೆ ಏನೆಂದು ಹೊತ್ತವರಿಗೇ ಗೊತ್ತು. ನಾಗಮ್ಮನೂ ಬರುವುದನ್ನು ನಿಲ್ಲಿಸಿದಳು. ನಮ್ಮ ಅಂಗಳದಲ್ಲಿ ಒಣಮೀನು ರಾಶಿ ರಾಶಿ ಬೆಳೆಯಿತು. ಆಯಿ ಒಲೆಯ ಮುಂದೆ ಕಿವಿಕೊಟ್ಟು ಕೂರುತ್ತಿದ್ದಳು, ಹೆಜ್ಜೆಯ ಸಪ್ಪಳವೇ ಇರುತ್ತಿರಲಿಲ್ಲ.

ನನಗೆ ಮಾತ್ರ ರೆಕ್ಸ್ ಎಂದರೆ ಜೀವ. ಶಾಲೆಯಿಂದ ಬಂದ ಕೂಡಲೇ ಅದರ ಕುತ್ತಿಗೆಗೆ ಜೋತುಬೀಳುತ್ತಿದ್ದೆ. ಸೆಕೆಗೆ ಪಾಪ ನಾಲಿಗೆ ನೇತುಹಾಕಿಕೊಂಡು ಬಾವಿಕಟ್ಟೆಯ ಒದ್ದೆ ಮಣ್ಣಿನಲ್ಲಿ ಹೊಟ್ಟೆ ಒತ್ತಿ ಮಲಗುತ್ತಿತ್ತು. ಬಂಗಲೆಯಲ್ಲಿ ಚಪಾತಿ ತಿಂದು ಬೆಳೆದದ್ದು ನಮ್ಮಲ್ಲಿ ಕುಚಲಕ್ಕಿ ಗಂಜಿ, ಮೀನಿನ ತಲೆ ತಿನ್ನುವುದನ್ನು ಕಲಿತಿತ್ತು. ನನ್ನ ಕೈಯಿಂದ ಕೊಟ್ಟರೆ ಬೆರಳಿಗೆ ಹಲ್ಲು ತಾಗದಂತೆ ತೆಗೆದುಕೊಳ್ಳುತ್ತಿತ್ತು.

ಅಪ್ಪ ಬೋಟಿನಿಂದ ಬಂದ ದಿನ ಕೇರಿಯ ಯಜಮಾನ ಹಮ್ಮಜ್ಜ ಹಳ್ಳ ಸುತ್ತಿಕೊಂಡೇ ಬಂದು ನಮ್ಮ ಹಿತ್ತಿಲಲ್ಲಿ ನಿಂತ. ಕೂರಲಿಲ್ಲ.

"ನಿನ್ನ ಮನೆ, ನಿನ್ನ ಅಂಗಳ. ನಾವು ಬ್ಯಾಡ ಅನ್ನೂಕೆ ಬರೂದಿಲ್ಲ," ಎಂದ. "ನಾಯಿ ಇಡು, ಇಲ್ಲಾ ದಾರಿ ಇಡು. ಎರಡೂ ಆಗೂದಿಲ್ಲ. ಹುಣ್ಣಿಮೆ ಒಳಗೆ ಒಂದು ಮಾಡು."

"ಇರ್ಲಿ ಅಜ್ಜ, ಜನ ಗುರ್ತ ಆದ್ರೆ ಸುಮ್ನಾಗ್ತದೆ," ಎಂದ ಅಪ್ಪ.

ಹಮ್ಮಜ್ಜನ ಹಿಂದೆ ಬಂದಿದ್ದ ಒಬ್ಬ, ಯಾರೆಂದು ಹೇಳುವುದಿಲ್ಲ, ಈಗಲೂ ಇದ್ದಾನೆ, ಅಪ್ಪ ಒಳಗೆ ಹೋದ ಮೇಲೆ ನನ್ನನ್ನು ನೋಡಿಯೂ ನೋಡದವನಂತೆ, "ಬಂಗಡೆ ಹೊಟ್ಟೆಲಿ ಚೂರು ಇಲಿಪಾಷಾಣ ಇಟ್ಟು ಒಗದ್ರೆ ಮುಗೀತು. ಹುಣ್ಣಿಮೆ ತನಕ ಎಂತಕೆ?" ಎಂದ.

ಅಂದಿನಿಂದ ಆ ಇಲಿಪಾಷಾಣ ನನ್ನ ತಲೆಯಿಂದ ಹೋಗಲಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳುವಾಗಲೂ ಅದೇ ಯೋಚನೆ. ಮನೆಗೆ ಓಡಿಬಂದು ಮೊದಲು ಅಂಗಳದ ಮೂಲೆ ಮೂಲೆ ಹುಡುಕುತ್ತಿದ್ದೆ, ಯಾರಾದರೂ ಮೀನು ಎಸೆದಿದ್ದಾರೆಯೇ ಎಂದು. ರೆಕ್ಸ್‌ಗೆ ಹಾಕುವ ಒಂದೊಂದು ಬಂಗಡೆಯ ಹೊಟ್ಟೆಯನ್ನೂ ಬೆರಳಿನಿಂದ ಬಗಿದು, ಮೂಸಿ ನೋಡುತ್ತಿದ್ದೆ. ಊಟಕ್ಕೆ ಕುಳಿತರೆ ನನ್ನ ಕೈಗೆ ಹಸಿ ಮೀನಿನ ನಾತ. "ಈ ಹೆಣ್ಣಿಗೆ ಮರುಳೋ ಎಂತದೋ," ಎಂದು ಆಯಿ ಬೈದಳು. ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ನಿಜವಾದೀತೆಂಬ ಹೆದರಿಕೆ.

ಹುಣ್ಣಿಮೆಗೆ ಮುಂಚೆಯೇ ರಂಪಣಿ ಬಿತ್ತು.

ರಂಪಣಿ ಎಂದರೆ ದೊಡ್ಡ ಬಲೆ. ದಂಡೆಯ ಸಮೀಪ ಮೀನಿನ ಹಿಂಡು ಕಂಡರೆ ದೋಣಿಯವರು ಬಲೆಯನ್ನು ಅರ್ಧ ಸುತ್ತು ಬಿಡುತ್ತಾರೆ, ಎರಡು ತುದಿಯ ಹಗ್ಗವನ್ನು ದಂಡೆಯಿಂದ ಊರೇ ನಿಂತು ಎಳೆಯಬೇಕು. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ತಡವಾದರೆ ಬಲೆ ಒಡೆದು ಮೀನು ಹೋಗುತ್ತದೆ. ಹಾಗಾಗಿ ದಂಡೆಯಿಂದ ಕೂಗು ಎದ್ದರೆ, ಉಣ್ಣುವವರು ಬಟ್ಟಲು ಬಿಟ್ಟು ಓಡುತ್ತಾರೆ. ಯಾರ ಅಂಗಳ, ಯಾರ ಹಿತ್ತಿಲು ಎಂದು ಆಗ ಯಾರೂ ನೋಡುವುದಿಲ್ಲ.

ಅವತ್ತು ಭಾನುವಾರ, ಮಧ್ಯಾಹ್ನ. ಅಪ್ಪ ದಂಡೆಯಲ್ಲೇ ಇದ್ದ. ಆಯಿ ಮತ್ತು ಅಜ್ಜಿ ಮೀನು ತಿರುವಿ ಹಾಕುತ್ತಿದ್ದರು, ನಾನು ಜಗಲಿಯಲ್ಲಿದ್ದೆ. "ಹೋ" ಎಂದು ಕೂಗು ಎದ್ದಿತು. ಕೇರಿಯ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದ ಹಾಗಾಯಿತು. ಇಷ್ಟು ದಿನ ಹಳ್ಳ ಸುತ್ತಿದವರಿಗೆ ಆ ಕ್ಷಣ ಹಳ್ಳವೂ ನೆನಪಿರಲಿಲ್ಲ, ನಾಯಿಯೂ ನೆನಪಿರಲಿಲ್ಲ. ಕಾಲಿಗೆ ಗೊತ್ತಿದ್ದ ದಾರಿಯಲ್ಲಿ ಓಡಿಬಂದರು. ನಮ್ಮ ಅಂಗಳದ ತುಂಬ ಜನ.

ರೆಕ್ಸ್ ಹುಚ್ಚೆದ್ದು ಜಗ್ಗಿತು. ಒಮ್ಮೆ, ಇನ್ನೊಮ್ಮೆ. ಕುತ್ತಿಗೆಯ ಪಟ್ಟಿ ಹರಿದು ಸರಪಳಿ ಮಾತ್ರ ಮರದಲ್ಲಿ ಉಳಿಯಿತು.

ಹೆಂಗಸರು ಕಿರುಚಿ ಚದುರಿದರು. ಒಣಮೀನಿನ ತಟ್ಟಿ ಕಾಲಡಿ ಮುರಿಯಿತು. ನಾಗಮ್ಮ ಮುಂದೆ ಓಡಿಯಾಗಿತ್ತು, ಅವಳ ಹಿಂದೆ ಅವಳ ಸಣ್ಣ ಮಗಳು ಮಂಗಲಾ, ಇನ್ನೂ ಅಂಗನವಾಡಿಗೆ ಹೋಗುವ ಮಗು, "ಆಯೀ" ಎನ್ನುತ್ತ ಬರುತ್ತಿತ್ತು. ಓಡುವವರಲ್ಲಿ ಅದೇ ಎಲ್ಲರಿಗಿಂತ ಹಿಂದೆ. ರೆಕ್ಸ್ ಸುತ್ತು ಹಾಕಿ ಅದರ ಮೇಲೆ ಹಾರಿತು. ಮಗು ಮುಗ್ಗರಿಸಿ ಬಿತ್ತು. ಅದರ ಮೊಣಕೈ ನಾಯಿಯ ಬಾಯೊಳಗೆ.

"ಬೈಠ್! ರೆಕ್ಸ್, ಬೈಠ್!" ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಅದು ನನ್ನ ಕಡೆ ಕಣ್ಣು ತಿರುಗಿಸಿತು, ಬಾಯಿ ಬಿಡಲಿಲ್ಲ. ನನ್ನ ಕೈಯಿಂದ ಮೀನಿನ ತಲೆ ತಿನ್ನುವಾಗಿನ ಕಣ್ಣಲ್ಲ ಅದು. ಬಾಲ ಹಿಡಿದು ಎಳೆದೆ, ಬೆನ್ನಿಗೆ ಗುದ್ದಿದೆ. ಮಗು ಅಳುವುದನ್ನೇ ನಿಲ್ಲಿಸಿತ್ತು, ಅದು ನನಗೆ ಹೆಚ್ಚು ಹೆದರಿಕೆ ತಂದಿತು.

ಅಷ್ಟರಲ್ಲಿ ಅಜ್ಜಿ ಜಗಲಿಯ ಗೂಟಕ್ಕೆ ತೂಗುಹಾಕಿದ್ದ ಬೀಸುಬಲೆಯನ್ನು ಎಳೆದುಕೊಂಡು ಬಂದಳು. ಗಂಡಸರ ಹಾಗೆ ಬೀಸಿದ್ದಲ್ಲ, ಕೌದಿ ಹೊದೆಸಿದ ಹಾಗೆ ನಾಯಿಯ ತಲೆಯ ಮೇಲೆ ಚೆಲ್ಲಿದಳು. ಬಲೆಯಂಚಿನ ಸೀಸದ ಗುಂಡುಗಳು ಕಿವಿಯ ಮೇಲೆ ಬಿದ್ದದ್ದೇ ರೆಕ್ಸ್ ಬೆದರಿ ಬಾಯಿ ಬಿಟ್ಟಿತು. ತಿರುಗಿದಷ್ಟೂ ಬಲೆ ಸುತ್ತಿಕೊಂಡಿತು. ಆಯಿ ಮಗುವನ್ನು ಕಿತ್ತುಕೊಂಡು ಎದೆಗೆ ಒತ್ತಿ ಓಡಿದಳು.

ಆ ದಿನದ ರಂಪಣಿ ಒಡೆಯಿತು. ಹಗ್ಗಕ್ಕೆ ಕೈ ಸಾಲಲಿಲ್ಲ. ಇಡೀ ಕೇರಿಯ ಪಾಲಿನ ಮೀನು ಕಡಲಿಗೆ ವಾಪಸು ಹೋಯಿತು.

ಮಂಗಲಾಳನ್ನು ರಿಕ್ಷಾದಲ್ಲಿ ಅಂಕೋಲೆ ಪೇಟೆಯ ಆಸ್ಪತ್ರೆಗೆ ಒಯ್ದು ಹೊಲಿಗೆ ಹಾಕಿಸಿದರು. ಸಾಹೇಬರು ನಾಯಿಗೆ ಔಷಧಿ ಚುಚ್ಚಿಸಿದ್ದರಂತೆ, ಆದರೂ ಮಗುವಿಗೆ ಸೂಜಿ ತಪ್ಪಲಿಲ್ಲ. ಸಂಜೆ ಜನ ನಮ್ಮ ಅಂಗಳದಲ್ಲಿ ಸೇರಿದರು. ರೆಕ್ಸ್ ಇನ್ನೂ ಬಲೆಯಲ್ಲೇ ಇತ್ತು, ಮರದ ಬುಡದಲ್ಲಿ, ಮೂತಿ ಮುಂಗಾಲಿನ ಮೇಲಿಟ್ಟು. ಇಬ್ಬರ ಕೈಯಲ್ಲಿ ದೋಣಿಯ ಹುಟ್ಟು ಇತ್ತು. ಎಂತಕೆ ತಂದಿದ್ದಾರೆಂದು ನನಗೆ ಗೊತ್ತಿತ್ತು. ನಾನು ರೆಕ್ಸ್ ಮುಂದೆ ಹೋಗಿ ಕುಳಿತೆ.

ಎಲ್ಲರೂ ನಾಗಮ್ಮನ ಮುಖ ನೋಡಿದರು. ಅವಳ ಸೆರಗಿಗೆ ಮಗುವಿನ ರಕ್ತ ಒಣಗಿ ಅಂಟಿತ್ತು.

"ಹೊಡೀಬ್ಯಾಡಿ," ಎಂದಳು. "ಅದ್ರದು ತಪ್ಪಿಲ್ಲ. ಅಂಗಳ ಅಂದ್ರೆ ಕಾಯೂದು ಅಂತ ಅದ್ಕೆ ಗೊತ್ತು. ದಾರಿ ಅಂತ ಯಾರು ಹೇಳಿಕೊಟ್ಟಿದ್ರು?" ಅಷ್ಟು ಹೇಳಿ ಆಯಿಯ ಕಡೆ ತಿರುಗಿದಳು. "ಆದ್ರೆ ಅದು ಇದ್ರೆ ನಾ ನಿನ್ನ ಮನೆ ಮೆಟ್ಟಿಲು ಹತ್ತೂದಿಲ್ಲ, ಅಕ್ಕ."

ಆಯಿ ಅಲ್ಲೇ ಕುಸಿದು ಕುಳಿತು ಅತ್ತಳು. ನಾಯಿ ಸಾಯುವುದಿಲ್ಲ ಎಂದು ನನ್ನ ಜೀವ ಹಗುರಾಯಿತು. ಅದು ಇಲ್ಲಿ ಇರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಮರುದಿನ ಮಾವ ಓಡಿಬಂದ. ತಾನೇ ಚಿರೆಕಲ್ಲು ತರಿಸಿ ಸುತ್ತ ಗೋಡೆ ಕಟ್ಟಿಸಿಕೊಡುತ್ತೇನೆ, ಅಂಥ ನಾಯಿಯನ್ನು ಬಿಡಬೇಡಿ ಎಂದ. ನಾನು ಅಪ್ಪನ ಬಾಯನ್ನೇ ನೋಡುತ್ತಿದ್ದೆ. ದೇವರೇ, ಹೂಂ ಅನ್ನಲಿ ಎಂದುಕೊಂಡೆ.

"ನಾಯಿ ಸಲುವಾಗಿ ದಾರಿ ಮುಚ್ಚಿದ್ರೆ ನಾಳೆ ನಮ್ಮ ಹೆಣ ಹೊರೂಕೆ ಯಾರು ಬರ್ತಾರೋ?" ಎಂದ ಅಪ್ಪ.

ಭಾವಿಕೇರಿಯಲ್ಲಿ ಅಪ್ಪನ ಗುರುತಿನ ಒಬ್ಬ ರೈತನಿದ್ದ. ಸುತ್ತ ತಂತಿ ಬೇಲಿಯ ಶೇಂಗಾ ಗದ್ದೆ, ರಾತ್ರಿಯಾದರೆ ಹಂದಿ ಕಾಟ. ಅವನು ನಾಯಿಯನ್ನು ನೋಡಿ ಎರಡನೆಯ ಮಾತಿಲ್ಲದೆ ಒಯ್ದ. ಟೆಂಪೋ ಹೊರಟಾಗ ನಾನು ಹಿಂದೆ ಓಡಿದೆ, ಅಜ್ಜಿ ರಟ್ಟೆ ಹಿಡಿದು ನಿಲ್ಲಿಸಿದಳು. "ಅಳು, ಅಳು. ಅತ್ತು ಮುಗ್ಸು," ಎಂದಳು. ಸಮಾಧಾನ ಮಾಡಲಿಲ್ಲ. ಅದಕ್ಕೇ ಅವಳು ನನಗೆ ಇಷ್ಟ.

ಬೇಸಿಗೆಯ ರಜೆಯಲ್ಲಿ ಹಟ ಮಾಡಿ ಅಪ್ಪನ ಜೊತೆ ಭಾವಿಕೇರಿಗೆ ಹೋದೆ. ರೆಕ್ಸ್ ದೂರದಿಂದಲೇ ವಾಸನೆ ಹಿಡಿದು ಓಡಿಬಂತು. ಮೈ ತುಂಬಿಕೊಂಡಿತ್ತು, ಕೂದಲು ಮಿಂಚುತ್ತಿತ್ತು. ತಂತಿಯ ಸಂದಿನಿಂದ ನನ್ನ ಕೈ ನೆಕ್ಕಿತು, ಬಾಲ ಬಡಿದು ಬಡಿದು ಸಣ್ಣಗೆ ಅತ್ತಿತು. ನಾನು ಒಳಗೆ ಹೋಗಲು ಬೇಲಿಬಾಗಿಲ ದಣಪೆಯ ಮೇಲೆ ಕೈಯಿಟ್ಟೆ. ಬಾಲ ನಿಂತಿತು. ಗಂಟಲಿನ ಆಳದಿಂದ ಗುರ್ ಎಂದಿತು. ರೈತ ಬಂದು ಗದರಿದ ಮೇಲೆಯೇ ನನ್ನನ್ನು ಒಳಗೆ ಬಿಟ್ಟದ್ದು.

ನಾಗಮ್ಮ ಮತ್ತೆ ಬಂದಳು, ಎಲ್ಲರೂ ಬಂದರು. ಆಯಿ ಮತ್ತೆ ಕೋಲು ಹಿಡಿದು ಕುಳಿತಳು. ಆಮೇಲೆ ಬಂದದ್ದು ಒಂದು ಕಂದು ಬಣ್ಣದ ಊರ ನಾಯಿ, ಅದು ಊರಿಗೆಲ್ಲ ಬಾಲ ಅಲ್ಲಾಡಿಸುತ್ತ ಅರ್ಧ ಮೀನು ತಾನೇ ತಿಂದು ಮುಗಿಸುತ್ತಿತ್ತು.

ಈಗ ಅಪ್ಪನಿಲ್ಲ, ಅಜ್ಜಿಯಿಲ್ಲ. ಅದೇ ಮನೆಯಲ್ಲಿ ನಾನು ಮಗಳೊಂದಿಗೆ ಇದ್ದೇನೆ. ಕೈಯಿಂದ ಎಳೆಯುವ ರಂಪಣಿ ಅಪರೂಪವಾಯಿತು, ಕೂಗಿಗೆ ಓಡುವವರೂ ಇಲ್ಲ. ಅಂಗಳಗಳು ಪಾಲಾದವು. ಒಬ್ಬರು ಕಾಂಪೌಂಡ್ ಕಟ್ಟಿದರು, ಪಕ್ಕದವರೂ ಕಟ್ಟಿದರು. ನಾವೂ ಕಟ್ಟಿದೆವು. ಯಾರೂ ಜಗಳ ಮಾಡಲಿಲ್ಲ, ಯಾವ ಯಜಮಾನನೂ ಬಂದು ಹಿತ್ತಿಲಲ್ಲಿ ನಿಲ್ಲಲಿಲ್ಲ. ಅದೇ ನನಗೆ ಈಗಲೂ ಸಿಟ್ಟು.

ಮೊನ್ನೆ ಮಗಳು ನಾಯಿ ಬೇಕೆಂದು ಹಟ ಹಿಡಿದಳು. ಯಾವ ಜಾತಿಯದು ನಮಗೆ ಹೊಂದುತ್ತದೆಂದು ಕೇಳಲು ಕಾರವಾರದ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಒಳ್ಳೆಯ ಮನುಷ್ಯ, ನಾಯಿಯ ಮಾತಿಗಿಂತ ಮೊದಲು ಮನೆಯ ವಿಚಾರ ಕೇಳಿದರು.

"ಮನೆಗೆ ಕಾಂಪೌಂಡ್ ಇದೆಯಾ? ಹೊರಗಿನವರು ಬಂದುಹೋಗುವುದು ಹೆಚ್ಚಾ?"

ನಾನು ಬಾಯಿ ತೆರೆಯುವ ಮೊದಲೇ ಮಗಳು, "ಕಾಂಪೌಂಡ್ ಅದೆ ಡಾಕ್ಟ್ರೇ. ನಮ್ಮನೆಗೆ ಯಾರೂ ಬರೂದಿಲ್ಲ," ಎಂದಳು.

"ಹಾಗಾದರೆ ಚಿಂತೆಯೇ ಇಲ್ಲ. ಯಾವ ನಾಯಿಯಾದರೂ ಆಗುತ್ತದೆ ನಿಮಗೆ," ಎಂದರು ಅವರು. ಮಗಳು ಸಂತೋಷದಿಂದ ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು.