ಖಾಜಾಬಿಯ ರಾತ್ರಿ ಗಿರಣಿ

ಆ ವರ್ಷಗಳಲ್ಲಿ ಗಜೇಂದ್ರಗಡದ ಕರೆಂಟ್ ಮುನಿಸಿಕೊಂಡ ಅಳಿಯನಿದ್ದ ಹಾಗೆ, ಹಗಲು ಮುಖ ತೋರಿಸುತ್ತಿರಲಿಲ್ಲ. ಗಿರಣಿ ತಿರುಗುವಷ್ಟು ಕರೆಂಟ್ ಬರುತ್ತಿದ್ದುದು ಸಂಜೆ ಏಳರ ಮೇಲೆ. ಓಣಿಯ ಹೆಂಗಸರು ಜೋಳದ ಡಬ್ಬಿ ಹೊತ್ತು ಕತ್ತಲಲ್ಲೇ ಖಾಜಾಬಿಯ ಗಿರಣಿಗೆ ಬರಬೇಕು. ಗಂಡ ತೀರಿದ ಮೇಲೆ ಬೀಸುವವಳು ಅವಳೇ. ಹೆಂಗಸು ನಡೆಸುವ ಗಿರಣಿ ಎಂದು ಅತ್ತೆಯರು ಎಳೆಯ ಸೊಸೆಯಂದಿರನ್ನೂ ಧೈರ್ಯವಾಗಿ ಕಳಿಸುತ್ತಿದ್ದರು. ಆ ನಂಬಿಕೆಯಿಂದಲೇ ಅವಳ ಒಲೆ ಉರಿಯುತ್ತಿತ್ತು.

ಎರಡು ಸಾವಿರದ ಮೂರರ ಹಿಂಗಾರಿ ಬಿತ್ತನೆಯ ಹೊತ್ತು. ಅನ್ನಪೂರ್ಣಾಳ ಜೋಳ ಬೀಸಿ, ಅದರ ಹಿಂದೆಯೇ ಓಣಿಯ ಹಿರಿಯಳು ಗಾಳೆವ್ವನದನ್ನೂ ಬೀಸಿ ಕಳಿಸಿದ ಖಾಜಾಬಿ, ಅರ್ಧ ತಾಸಿನ ಮೇಲೆ ಬ್ಯಾಟರಿ ಹಿಡಿದು ಕಲ್ಲು ಗುಡಿಸತೊಡಗಿದಳು. ಹಿಟ್ಟು ಇಳಿಯುವ ಬಿಳಿ ಬಟ್ಟೆಗೆ ಗುಲಾಬಿ ಬಣ್ಣ ಹತ್ತಿತ್ತು. ಹೊಸ ಸೊಸೆ ಅನ್ನಪೂರ್ಣಾ ತಪ್ಪು ಚೀಲಕ್ಕೆ ಕೈಹಾಕಿ, ಹುಳ ಹತ್ತದಂತೆ ಗುಲಾಬಿ ಬಣ್ಣದ ವಿಷದ ಔಷಧ ಹಚ್ಚಿದ ಬಿತ್ತನೆ ಜೋಳ ತಂದಿದ್ದಳು. ಮಂದ ಬಲ್ಬಿನಡಿ ಖಾಜಾಬಿಗೂ ಕಂಡಿರಲಿಲ್ಲ. ಕಲ್ಲಿನಲ್ಲಿ ಉಳಿದದ್ದು ಗಾಳೆವ್ವನ ಹಿಟ್ಟಿಗೂ ಸೇರಿತ್ತು.

ಹೇಳಿದರೆ ಗಿರಣಿ ಮುಚ್ಚಿದಂತೆಯೇ. ಸುಳ್ಳೇಕೆ, ಒಂದು ಗಳಿಗೆ ಅವಳು ನಿಂತಳು. ಒಂದೇ ಗಳಿಗೆ. ಆಮೇಲೆ ಚಪ್ಪಲಿಯ ನೆನಪೂ ಇಲ್ಲದೆ ಓಡಿದಳು.

ಅನ್ನಪೂರ್ಣಾಳ ಮನೆಯಲ್ಲಿ ಇನ್ನೂ ಹಿಟ್ಟು ನಾದುತ್ತಿದ್ದರು, ಬಚಾವಾದರು. ಗಾಳೆವ್ವನ ಮನೆಯಲ್ಲಿ ಮೊಮ್ಮಗಳು ಅರ್ಧ ರೊಟ್ಟಿ ತಿಂದಾಗಿತ್ತು.

"ಉಣ್ಣಬ್ಯಾಡ್ರಿ ಯಕ್ಕಾ. ಹಿಟ್ಟಿನ್ಯಾಗ ಔಷಧ ಸೇರೇತಿ. ನನ್ನ ಗಿರಣ್ಯಾಗ ತಪ್ಪಾಗೇತ್ರಿ."

ಹುಡುಗಿಯನ್ನು ಒಯ್ದ ದವಾಖಾನೆಯ ಮೆಟ್ಟಿಲ ಮೇಲೆ ಖಾಜಾಬಿ ಬೆಳಗಿನವರೆಗೂ ಕೂತಳು. ಒಳಗಿನ ಒಂದೊಂದು ಸದ್ದಿಗೂ ಅವಳ ಜೀವ ಹೋಗಿ ಬರುತ್ತಿತ್ತು. ಹುಡುಗಿ ಎರಡು ಸಲ ವಾಂತಿ ಮಾಡಿಕೊಂಡು, ಬೆಳಕು ಹರಿಯುವಾಗ ಹಾಲು ಕೇಳಿದಳು. ಗಾಳೆವ್ವ ಮಾತ್ರ ಖಾಜಾಬಿಯತ್ತ ತಿರುಗಿಯೂ ನೋಡದೆ ಹೋದಳು.

ಹಗಲೆಲ್ಲ ಖಾಜಾಬಿ ಕಲ್ಲು ಬಿಚ್ಚಿ ತಿಕ್ಕಿದಳು, ಬಟ್ಟೆ ಸುಟ್ಟು ಹೊಸದು ಕಟ್ಟಿದಳು. ಏಳಕ್ಕೆ ಕರೆಂಟ್ ಬಂತು. ಎದುರು ಕಟ್ಟೆಯ ಬಳಿ ಹೆಂಗಸರು ಡಬ್ಬಿ ಇಟ್ಟುಕೊಂಡು ಗುಸುಗುಸು ಮಾತಾಡುತ್ತಿದ್ದರು. ಒಬ್ಬರೂ ಒಳಗೆ ಬರಲಿಲ್ಲ. ಎಂಟಾಯಿತು. ಇನ್ನು ಮುಗಿಯಿತು ಎಂದು ಅವಳು ಬಲ್ಬು ಆರಿಸಲು ಎದ್ದಾಗ ಗಾಳೆವ್ವ ಹೊಸ್ತಿಲು ದಾಟಿ ಬಂದಳು.

"ಮೊದಲ ನಿನ್ನ ಜ್ವಾಳ ಒಂದ ಹಿಡಿ ಬೀಸು. ನನ್ನ ಮುಂದ ಬಾಯಾಗ ಹಾಕ್ಕೋ."

ಖಾಜಾಬಿ ಮನೆಯ ಜೋಳ ತಂದು ಬೀಸಿದಳು. ಬಿಸಿ ಹಿಟ್ಟನ್ನು ಹಾಗೇ ಬಾಯಿಗೆ ತುಂಬಿಕೊಂಡಳು. ಗಂಟಲಿಗೆ ಹತ್ತಿ ಕಣ್ಣಲ್ಲಿ ನೀರು ಬಂತು. ಅಷ್ಟನ್ನೂ ನುಂಗಿ, ಬಾಯಿ ತೆರೆದು ತೋರಿಸಿದಳು.

ಗಾಳೆವ್ವ ತನ್ನ ಡಬ್ಬಿಯನ್ನು ಮುಂದಕ್ಕೆ ಸರಿಸಿದಳು.

"ಸಣ್ಣಗ ಬೀಸು. ಹುಡುಗಿ ಉಣ್ಣಾಕಿ ಅದಾಳ."