ಮೂರು ಕನ್ನಡಕಗಳ ಮನೆಮುದ್ರೆ

ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಕೂತು, ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಗಂಡ ಬೈಕಿನಲ್ಲಿ ಹೊರಟವನು ಮನೆಗೆ ಬರಲಿಲ್ಲ. ಬಂದದ್ದು ಆಸ್ಪತ್ರೆಯ ಫೋನು. ಅವಳು ಅಳಲಿಲ್ಲ. ಮಾತಾಡಿಸಲು ಬಂದವರು ಎದುರಿಗೆ ಗಟ್ಟಿಗಿತ್ತಿ ಎಂದರು, ಮೆಟ್ಟಿಲಿಳಿಯುತ್ತ ಕಲ್ಲೆದೆಯವಳು ಎಂದರು. ಎರಡೂ ಬೇರೆ ಯಾರದೋ ಸುದ್ದಿಯಂತೆ ಅವಳ ಕಿವಿಗೆ ಬಿದ್ದವು. ಅತ್ತೆ ಅವಳ ಪಾಲನ್ನೂ ಸೇರಿಸಿ ಅತ್ತರು.

ಹೀಗೇ ಬಿಟ್ಟರೆ ಕೈತಪ್ಪಿ ಹೋಗುತ್ತಾಳೆಂದು ಅವಳ ಅಕ್ಕ ದುಂಬಾಲು ಬಿದ್ದು ಸಂಜೆಯ ಚಿತ್ರಕಲೆ ತರಗತಿಗೆ ಸೇರಿಸಿದಳು. ಬೇಡ ಎನ್ನಲೂ ಒಂದಿಷ್ಟು ಹುರುಪು ಬೇಕಲ್ಲ, ಅದಿಲ್ಲದೆ ಹೋದಳು. ಅಲ್ಲಿ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದರು: ಜಪಾನಿನ ಮಾದರಿಯಲ್ಲಿ ತಮ್ಮ ತಮ್ಮ ಮನೆತನಕ್ಕೊಂದು ಮುದ್ರೆ ಬರೆಯುವುದು. ವೃತ್ತದೊಳಗೆ ಹೂವೋ ಎಲೆಯೋ ದಿನಬಳಕೆಯ ವಸ್ತುವೋ, ಬಣ್ಣ ಒಂದೇ, ದೂರದಿಂದ ಕಂಡರೂ ಇಂಥವರ ಮನೆಯದೆಂದು ಗೊತ್ತಾಗಬೇಕು ಎಂದು ಟೀಚರು ಹೇಳಿಕೊಟ್ಟರು.

ಗಂಡ ಕರೆಂಟಿನ ಕೆಲಸದವನು. ಹಾಗಾಗಿ ಅವಳು ಮೂರು ಇಕ್ಕಳಗಳನ್ನು ಹಿಡಿಗೆ ಹಿಡಿ ತಾಗಿಸಿ ಬರೆದಳು. ಊಟದ ಮೇಜಿನ ಮೇಲೆ ಮಸಿ ಆರಲು ಬಿಟ್ಟಿದ್ದಾಗ ಅತ್ತೆ ಬಂದು ಬಗ್ಗಿ ನೋಡಿದರು.

“ಇದೇನು, ಏಡಿನಾ?”

“ಇಕ್ಕಳ, ಅತ್ತೆ. ನಮ್ಮ ಮನೆ ಗುರುತು ಅಂತ.”

ಅತ್ತೆ ಕನ್ನಡಕವನ್ನು ಹಣೆಗೇರಿಸಿ ಇನ್ನೊಮ್ಮೆ ನೋಡಿದರು. “ಅವನಿಗೆ ಆ ಕೆಲಸ ಕಂಡ್ರೇ ಆಗ್ತಿರ್ಲಿಲ್ಲ ಕಣೆ. ಮನೇಲಿ ಒಂದು ಬಲ್ಬು ಹಾಕು ಅಂದ್ರೂ ಮುಖ ಊದಿಸ್ಕೋತಿದ್ದ.”

ಅದು ನಿಜ. ನಗು ಬರಬೇಕಾಗಿತ್ತು ಎಂದು ಅವಳಿಗೆ ತಿಳಿಯಿತು, ಬರಲಿಲ್ಲ. ಆದರೆ ಅತ್ತೆಯ ಹಣೆಯ ಮೇಲಿದ್ದ ಕನ್ನಡಕವನ್ನೇ ನೋಡುತ್ತ ನಿಂತಳು. ಗಂಡನೂ ಹಾಗೇ ಏರಿಸಿಟ್ಟು ಮನೆಯೆಲ್ಲ ಹುಡುಕುತ್ತಿದ್ದ. ಈಗ ಅವಳೂ ತನ್ನದನ್ನು ಹಾಗೇ ಏರಿಸಿಕೊಂಡಿದ್ದಳು. ಮೂವರ ಗಾಜನ್ನೂ ಕೂರಿಸಿದ್ದು ಅವಳ ಕೈಯೇ. ಇಕ್ಕಳದ ಹಾಳೆ ಮಡಚಿಟ್ಟು, ವೃತ್ತದೊಳಗೆ ಮೂರು ಕನ್ನಡಕಗಳನ್ನು ಒಂದರ ಕಡ್ಡಿ ಇನ್ನೊಂದಕ್ಕೆ ತಾಗುವಂತೆ ಬರೆದಳು.

ಭಾನುವಾರ ಮೈದುನ ಬಂದ. ಅಣ್ಣನೇ ಇಲ್ಲದ ಮೇಲೆ ಅಮ್ಮ ಇಲ್ಲಿರುವುದು ಸರಿಯಲ್ಲ, ಕರೆದುಕೊಂಡು ಹೋಗುತ್ತೇನೆ, ಅತ್ತಿಗೆಗೂ ಭಾರ ಇಳಿಯುತ್ತದೆ ಎಂದು ಮೆತ್ತಗೆ ಹೇಳಿದ. ಕೆಟ್ಟವನಲ್ಲ, ಕಾರಿನ ಹಿಂದಿನ ಸೀಟಿಗೆ ದಿಂಬು ಕೂಡ ಹಾಕಿಸಿದ್ದ. ಅವಳು ಒಳಗೆ ಹೋಗಿ ಅತ್ತೆಯ ಸೀರೆಗಳನ್ನು ಒಂದೊಂದಾಗಿ ಚೀಲಕ್ಕಿಟ್ಟಳು. ತಡೆಯಬೇಕೆನ್ನಿಸಲಿಲ್ಲ, ಕಳಿಸಬೇಕೆಂದೂ ಅನ್ನಿಸಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹಜಾರದತ್ತ ತಿರುಗಿ, “ನಾನು ಬರಲ್ಲ ಕಣೋ. ಎದುರಿಗೆ ಕೂತು ಊಟ ಮಾಡು ಅನ್ನೋರು ಇಲ್ಲದಿದ್ರೆ ಇವಳು ಉಣ್ಣಲ್ಲ,” ಎಂದರು.

“ಅತ್ತಿಗೆ ಏನಂತಾರೋ ಕೇಳಮ್ಮ.”

ಮೈದುನ ಬಾಗಿಲಿಗೆ ಬಂದು ಅವಳ ಮುಖ ನೋಡಿದ. ಅವಳು ಚೀಲದಿಂದ ಸೀರೆಗಳನ್ನು ತೆಗೆದು, ಇದ್ದ ಜಾಗದಲ್ಲೇ ಇಡತೊಡಗಿದಳು. ಸಂತೋಷವೇನೂ ಆಗಲಿಲ್ಲ. ಅಡಿಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಸಕ್ಕರೆ ಎಷ್ಟು ಹಾಕಲಿ ಎಂದು ಮೈದುನನನ್ನು ಅಲ್ಲಿಂದಲೇ ಕೇಳಿದಳು.